ಉಪಗ್ರಹಕ್ಕೂ ಮುಂಚಿನ ಲೆಕ್ಕ ಸಮುದ್ರದ ಕೆಸರಿನಲ್ಲಿದೆ

ನಮಸ್ಕಾರ. ಉಪಗ್ರಹಗಳೇ ಇಲ್ಲದ ಕಾಲದಲ್ಲಿ ಆರ್ಕ್ಟಿಕ್ ಸಮುದ್ರದ ಮೇಲೆ ಎಷ್ಟು ಮಂಜುಗಡ್ಡೆ ಇತ್ತು ಅಂತ ಹೇಗೆ ಹೇಳ್ತಾರೆ, ಅದು ಬರೀ ಊಹೆ ಅಲ್ಲವೇ ಎಂದು ಕೇಳಿದ್ದೀರಿ. ಊಹೆ ಅಲ್ಲ.

ಸಮುದ್ರದ ಮಂಜುಗಡ್ಡೆಯನ್ನು ಮೈಕ್ರೋವೇವ್ ಅಲೆಗಳ ಮೂಲಕ ಅಳೆದ ನಿಂಬಸ್-7 ಉಪಗ್ರಹ ಹಾರಿದ್ದು 1978ರ ಅಕ್ಟೋಬರ್‌ನಲ್ಲಿ. ಮೈಕ್ರೋವೇವ್‌ಗೆ ಮೋಡವೂ ಕತ್ತಲೂ ಅಡ್ಡಿಯಲ್ಲವಾದ್ದರಿಂದ ಅಲ್ಲಿಂದೀಚೆಗಿನ ದಾಖಲೆ ಗಟ್ಟಿ. ಅದಕ್ಕೆ ಹಿಂದಿನದಕ್ಕೆ ಹಡಗುಗಳ ದಿನಚರಿ, ತಿಮಿಂಗಿಲ ಬೇಟೆಯವರ ಟಿಪ್ಪಣಿ, ಡೆನ್ಮಾರ್ಕಿನ ಹವಾಮಾನ ಸಂಸ್ಥೆಯ ಹಳೆಯ ನಕಾಶೆಗಳಿವೆ.

ಸಾವಿರಾರು ವರ್ಷ ಹಿಂದಕ್ಕೆ ಹೋಗಬೇಕಾದರೆ? ನನಗೆ ಅತ್ಯಂತ ಇಷ್ಟದ ಭಾಗ ಇದೇ. ಮಂಜುಗಡ್ಡೆಯ ತಳದಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಬೆಳೆಯುತ್ತದೆ. ಅವುಗಳಲ್ಲಿ ಕೆಲವು ಜಾತಿಗಳು ಮಾತ್ರ ಐಪಿ25 ಎಂಬ ಕೊಬ್ಬಿನಂಥ ವಸ್ತು ತಯಾರಿಸುತ್ತವೆ. ಮಂಜು ಕರಗಿದಾಗ ಅದು ತಳಕ್ಕಿಳಿದು ಕೆಸರಿನಲ್ಲಿ ಪದರಪದರವಾಗಿ ಉಳಿಯುತ್ತದೆ. ಕೊಳವೆಯಿಳಿಸಿ ಆ ಕೆಸರನ್ನು ಎತ್ತಿ, ಪದರದ ವಯಸ್ಸು ಕಂಡುಹಿಡಿದು ಓದುತ್ತಾರೆ.

ಆದರೆ ಒಂದು ಎಚ್ಚರಿಕೆ. ಐಪಿ25 ಸಿಗದಿದ್ದರೆ ಮಂಜೇ ಇರಲಿಲ್ಲ ಎನ್ನುವಂತಿಲ್ಲ. ವರ್ಷವಿಡೀ ದಪ್ಪ ಮಂಜು ಮುಚ್ಚಿದ್ದರೂ ಬೆಳಕಿಲ್ಲದೆ ಪಾಚಿ ಬೆಳೆಯುವುದಿಲ್ಲ! ಅದಕ್ಕೇ ತೆರೆದ ನೀರಿನ ಪಾಚಿಗಳ ಗುರುತನ್ನೂ ಅದೇ ಪದರದಲ್ಲಿ ಹುಡುಕುತ್ತಾರೆ. ಎರಡೂ ಇಲ್ಲದಿದ್ದರೆ, ಅಲ್ಲಿ ಮಂಜಿನ ಮುಚ್ಚಳ ತೆರೆದೇ ಇರಲಿಲ್ಲ ಎಂಬ ತೀರ್ಮಾನಕ್ಕೆ ಬಲ ಬರುತ್ತದೆ.