ಹಳೇ ಎಕ್ಸ್‌ಪಿ ಕಂಪ್ಯೂಟರಿಗೆ 2 ಟಿಬಿ ಹಾರ್ಡ್ ಡಿಸ್ಕ್: ಫಾರ್ಮ್ಯಾಟ್ ಒತ್ತುವ ಮುಂಚೆ

ಪ್ರೆಸ್ಸಿನ ಪೆಂಟಿಯಂ 4 ಕಂಪ್ಯೂಟರಿಗೆ ಹೊಸ 2 ಟಿಬಿ ಡಿಸ್ಕ್ ತಂದಿದ್ದೀರಿ. ಎಕ್ಸ್‌ಪಿ (ಹಳೇ ವಿಂಡೋಸ್) ಸಿಡಿ ಹಾಕಿದರೆ ಸುಮಾರು 1,31,000 ಎಂಬಿ ಮಾತ್ರ ತೋರಿಸುತ್ತಿದೆ, ಡಿಸ್ಕ್ ಡೂಪ್ಲಿಕೇಟ್ ಇರಬಹುದಾ ಅಂತ ಕೇಳಿದ್ದೀರಿ. ಇಲ್ಲ, ಅಂಗಡಿಗೆ ವಾಪಸ್ ಒಯ್ಯಬೇಡಿ. ನಿಮ್ಮದು 2001ರ ಮೊದಲ ಎಕ್ಸ್‌ಪಿ ಸಿಡಿ ಅಂದಿರಲ್ಲ, ತೊಡಕಿರುವುದು ಅದರಲ್ಲಿ.

ಮೇಲೆ ಇಬ್ಬರು ಹೊಸ ವಿಂಡೋಸ್ ಹಾಕಿ ಅಂದಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಹದಿನೈದು ವರ್ಷದ ಲಗ್ನಪತ್ರಿಕೆ, ಬಿಲ್ ಬುಕ್ಕುಗಳೆಲ್ಲ ಪುಟವಿನ್ಯಾಸದ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ ಹಳೇ ನುಡಿ ಫಾಂಟಿನಲ್ಲಿವೆ. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರುವುದಿಲ್ಲ. ನಡೆಯುತ್ತಿರುವ ಯಂತ್ರವನ್ನು ಹಾಗೇ ಉಳಿಸಿಕೊಳ್ಳಿ. ಇಂಟರ್ನೆಟ್ ಕೇಬಲ್ ಮಾತ್ರ ಕಿತ್ತಿಡಿ. ಎಕ್ಸ್‌ಪಿಗೆ ಸುರಕ್ಷತೆಯ ಅಪ್‌ಡೇಟ್ ಬರುವುದು 2014ರ ಏಪ್ರಿಲ್‌ಗೇ ನಿಂತಿತು.

ಈಗ ಆ 1,31,000ದ ವಿಷಯ. ಆ ಕಾಲದಲ್ಲಿ ಡಿಸ್ಕಿನ ಪ್ರತಿ ಸೆಕ್ಟರಿಗೆ (ಬರಹ ಕೂರುವ ಸಣ್ಣ ಖಾನೆಗೆ) 28 ಬಿಟ್‌ನಲ್ಲಿ ವಿಳಾಸ ಕೊಡುತ್ತಿದ್ದರು. ಅಷ್ಟರಲ್ಲಿ 26.84 ಕೋಟಿ ಸೆಕ್ಟರ್ ಎಣಿಸಬಹುದು. ಒಂದೊಂದೂ 512 ಬೈಟ್. ಒಟ್ಟು 137 ಜಿಬಿ ಚಿಲ್ಲರೆ. ವಿಂಡೋಸ್ ಲೆಕ್ಕದಲ್ಲಿ ಅದೇ 128 ಜಿಬಿ, ಅಂದರೆ ನಿಮಗೆ ಕಂಡ ಆ 1,31,000 ಎಂಬಿ. 2002ರ ಸರ್ವಿಸ್ ಪ್ಯಾಕ್ (ಮೈಕ್ರೋಸಾಫ್ಟ್ ಕೊಟ್ಟ ತಿದ್ದುಪಡಿಗಳ ಕಟ್ಟು) 1ರಿಂದ ಎಕ್ಸ್‌ಪಿ 48 ಬಿಟ್ ವಿಳಾಸ ಕಲಿಯಿತು. ನಿಮ್ಮ ಸಿಡಿ ಅದಕ್ಕಿಂತ ಹಿಂದಿನದು.

ಇಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ, ನಾನೂ ಮಾಡಿದ್ದೆ. ಬೇರೆ ಕಂಪ್ಯೂಟರಿನಲ್ಲಿ 160 ಜಿಬಿ ಡಿಸ್ಕನ್ನು ಒಂದೇ ಪಾರ್ಟಿಷನ್ (ಡಿಸ್ಕಿನ ಭಾಗ) ಮಾಡಿ ತಂದು, ಇಂಥದ್ದೇ ಹಳೇ ಎಕ್ಸ್‌ಪಿಗೆ ಹಾಕಿದೆ. ತಿಂಗಳುಗಟ್ಟಲೆ ಚೆನ್ನಾಗಿಯೇ ನಡೆಯಿತು. ಒಂದು ದಿನ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ ಅಂತ ಬಂತು. ಅಕ್ಕನ ಮದುವೆಯ ಫೋಟೋ ಎಲ್ಲ ಅದರಲ್ಲೇ ಇದ್ದವು. ಹಳೇ ಸ್ಕೂಟರಿನ ಮೀಟರ್ 99999 ದಾಟಿದರೆ ಮತ್ತೆ 00000ಕ್ಕೆ ಬರುತ್ತದಲ್ಲ, ಇದೂ ಹಾಗೇ. 137 ಜಿಬಿ ದಾಟಿದ ಬರಹ ಸುತ್ತಿ ಬಂದು ಡಿಸ್ಕಿನ ಮೊದಲ ಭಾಗದ ಮೇಲೆ ಕೂರುತ್ತದೆ. ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ ಇರುವುದೇ ಆ ಕಡೆ. ಮುಂಚೆ ಒಂದು ಎಚ್ಚರಿಕೆಯೂ ಬರುವುದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಸರ್ವಿಸ್ ಪ್ಯಾಕ್ ಕೂರುವ ತನಕ 128 ಜಿಬಿ ಗೆರೆಯ ಆಚೆ ಯಾವ ಪಾರ್ಟಿಷನ್ನೂ ಇರಬಾರದು.

ಹಾಗಾದರೆ ಕೆಲಸ ಹೀಗೆ ಮಾಡಿ. ಮೊದಲು ಹಳೇ 80 ಜಿಬಿ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ. ಹೊಸದರ ಬದಲು ಅದನ್ನೇ ಫಾರ್ಮ್ಯಾಟ್ ಮಾಡಿದವರನ್ನು ನೋಡಿದ್ದೇನೆ. ಎಕ್ಸ್‌ಪಿ ಸಿಡಿಯಿಂದ ಪಾರ್ಟಿಷನ್ ಮಾಡಬೇಡಿ. ಅದು ಪಾರ್ಟಿಷನ್ನನ್ನು 63ನೇ ಸೆಕ್ಟರಿನಿಂದ ಶುರು ಮಾಡುತ್ತದೆ. ಈಗಿನ ಡಿಸ್ಕುಗಳು ಹೊರಗೆ 512 ಬೈಟ್ ಅಂತ ಹೇಳಿಕೊಂಡರೂ ಒಳಗೆ 4,096 ಬೈಟಿನ ದೊಡ್ಡ ಸೆಕ್ಟರಿನಲ್ಲಿ ಬರೆಯುತ್ತವೆ. 512ರ ಎಂಟು ಸೇರಿದರೆ ಒಂದು 4,096. 63 ಅನ್ನುವುದು 8ರಿಂದ ಭಾಗವಾಗುವುದಿಲ್ಲ. ಹಾಗಾಗಿ ಒಂದು ತುಂಡು ಬರೆಯಲು ಡಿಸ್ಕ್ ಎರಡೆರಡು ಸೆಕ್ಟರ್ ಓದಿ, ತಿದ್ದಿ, ಮತ್ತೆ ಬರೆಯಬೇಕಾಗುತ್ತದೆ. ಹೊಸ ಡಿಸ್ಕ್ ಹಾಕಿದರೂ ಯಾಕೋ ನಿಧಾನ ಅಂತ ಜನ ಗೊಣಗುವುದು ಇದಕ್ಕೇ.

ಜಿಪಾರ್ಟೆಡ್ ಲೈವ್‌ನ 32 ಬಿಟ್ ಆವೃತ್ತಿ (ಹೊಸದರಲ್ಲಿ ಸಿಗದಿದ್ದರೆ ಹಳೆಯದು) ಇಳಿಸಿ ಸಿಡಿಗೆ ಬರೆದುಕೊಳ್ಳಿ. ಇದು ಸಿಡಿಯಿಂದಲೇ ನಡೆದು ಪಾರ್ಟಿಷನ್ ಮಾಡಿಕೊಡುವ ಉಚಿತ ಸಾಫ್ಟ್‌ವೇರ್. ಆ ಮದರ್‌ಬೋರ್ಡು ಯುಎಸ್‌ಬಿಯಿಂದ ಬೂಟ್ ಆಗುತ್ತದೆ ಅಂತ ನಂಬಿ ಕೂರಬೇಡಿ. ಪಾರ್ಟಿಷನ್ ಟೇಬಲ್ ಎಂಎಸ್‌ಡಾಸ್ ಅಂತ ಆರಿಸಿ (ಎಂಬಿಆರ್ ಅನ್ನುವುದೂ ಇದನ್ನೇ), ಜಿಪಿಟಿ ಅನ್ನುವ ಹೊಸ ಬಗೆ ಬೇಡ. 32 ಬಿಟ್ ಎಕ್ಸ್‌ಪಿಗೆ ಅದು ಓದಲು ಬರುವುದಿಲ್ಲ. ಒಂದೇ ಒಂದು ಪ್ರೈಮರಿ ಪಾರ್ಟಿಷನ್ ಮಾಡಿ: ಎನ್‌ಟಿಎಫ್‌ಎಸ್, 100 ಜಿಬಿ, ಅಲೈನ್ ಅನ್ನುವಲ್ಲಿ ಎಂಐಬಿ (10,48,576 ಬೈಟಿನ ಲೆಕ್ಕ), ಬೂಟ್ ಫ್ಲ್ಯಾಗ್ ಆನ್. ಉಳಿದ ಜಾಗ ಖಾಲಿ ಇರಲಿ. ಆಮೇಲೆ ಎಕ್ಸ್‌ಪಿ ಸಿಡಿ ಹಾಕಿ ಆ ಪಾರ್ಟಿಷನ್ನನ್ನೇ ಆರಿಸಿ ಕ್ವಿಕ್ ಫಾರ್ಮ್ಯಾಟ್ ಕೊಡಿ. ಡಿಲೀಟ್ ಮಾಡಿ ಹೊಸದು ಮಾಡಿದರೆ ಮತ್ತೆ 63ಕ್ಕೇ ಹೋಗುತ್ತದೆ, ನೆನಪಿರಲಿ.

ಎಕ್ಸ್‌ಪಿ ಕೂತ ಮೇಲೆ ಸರ್ವಿಸ್ ಪ್ಯಾಕ್ 2, ನಂತರ 3. ನೇರವಾಗಿ 3 ಹಾಕಲು ಹೋದರೆ ಒಪ್ಪುವುದಿಲ್ಲ, ಕನಿಷ್ಠ 1 ಇರಬೇಕು. ನಿಮ್ಮ ಪ್ರಾಡಕ್ಟ್ ಕೀಗೆ ಹೊಂದುವ ಸರ್ವಿಸ್ ಪ್ಯಾಕ್ 3 ಇರುವ ಸಿಡಿ ಯಾರ ಹತ್ತಿರವಾದರೂ ಸಿಕ್ಕರೆ ಈ ಹೆಜ್ಜೆ ಉಳಿಯಿತು. ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಸರ್ವಿಸ್ ಪ್ಯಾಕ್ 3 ಅಂತ ಕಣ್ಣಾರೆ ನೋಡಿ. ಆಮೇಲೆ ಮತ್ತೆ ಜಿಪಾರ್ಟೆಡ್‌ಗೆ ಹೋಗಿ ಉಳಿದ ಜಾಗದಲ್ಲಿ ಒಂದೋ ಎರಡೋ ಪಾರ್ಟಿಷನ್ ಮಾಡಿ. ಅವೂ ಪ್ರೈಮರಿಯೇ ಇರಲಿ, ನಾಲ್ಕರವರೆಗೆ ಅವಕಾಶ ಇದೆ. ಹೀಗೆ ಎಂಐಬಿ ಲೆಕ್ಕದಲ್ಲಿ ಮಾಡಿದ ಎಕ್ಸ್‌ಟೆಂಡೆಡ್ ಪಾರ್ಟಿಷನ್ನನ್ನು ಎಕ್ಸ್‌ಪಿಯ ಡಿಸ್ಕ್ ಮ್ಯಾನೇಜ್‌ಮೆಂಟ್ ಮುಟ್ಟಿದರೆ ಒಳಗಿನ ಡ್ರೈವ್‌ಗಳು ಮಾಯವಾಗಬಹುದು. ಅಲ್ಲಿ ಡ್ರೈವ್ ಅಕ್ಷರ ಬದಲಿಸಿ ಸಾಕು, ಬೇರೇನೂ ಮಾಡಬೇಡಿ.

ಸರಿಯಾಗಿ ಕೂತಿದೆಯಾ ಅಂತ ನೋಡಲು ಸಿಸ್ಟಂ ಇನ್ಫರ್ಮೇಷನ್ ತೆರೆದು ಸ್ಟೋರೇಜ್, ಡಿಸ್ಕ್ಸ್‌ಗೆ ಹೋಗಿ. ಮೊದಲ ಪಾರ್ಟಿಷನ್ನಿನ ಸ್ಟಾರ್ಟಿಂಗ್ ಆಫ್‌ಸೆಟ್ 10,48,576 ಇದ್ದರೆ ಸರಿ. 32,256 (ಅದೇ 63ನೇ ಸೆಕ್ಟರ್) ಇದ್ದರೆ ಸುಮ್ನೆ ಮುಂದುವರಿಯಬೇಡಿ, ಈಗಲೇ ಮೊದಲಿಂದ ಮಾಡಿ.

ಇನ್ನೊಬ್ಬರು 4 ಟಿಬಿಯೇ ತರಬಹುದಿತ್ತಲ್ವಾ ಅಂದಿದ್ದಾರೆ. ಬೇಡ. ಎಂಬಿಆರ್ ಲೆಕ್ಕ 2.2 ಟಿಬಿಗೆ ಮುಗಿಯುತ್ತದೆ. 3 ಟಿಬಿ ಡಿಸ್ಕನ್ನು ಎಕ್ಸ್‌ಪಿ 746 ಜಿಬಿ ಅಂತ ತೋರಿಸುವುದೂ ಉಂಟು. ನೀವು 2 ಟಿಬಿ ತಂದದ್ದೇ ಸರಿಯಾಯಿತು.

ಸೆಟಪ್‌ಗೆ ಡಿಸ್ಕ್ ಕಾಣಿಸಿದೆ, ಹಾಗಾಗಿ ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದಾಗ ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್‌ನಲ್ಲಿ) ಸಾಟಾ ಮೋಡ್ ಏನಿದೆಯೋ ಹಾಗೇ ಬಿಡಿ. ಆದರೆ ಬಯಾಸ್ ಪರದೆಯಲ್ಲಿ ಡಿಸ್ಕಿನ ಸೈಜ್ ಎಷ್ಟು ಬರುತ್ತದೆ ನೋಡಿ. 2000 ಜಿಬಿ ಅಂತ ಬಂದರೆ ಶುರು ಮಾಡಿ. ಅಲ್ಲೂ 137 ಅಂತಲೇ ಬಂದರೆ ಏನೂ ಮಾಡದೆ ಮದರ್‌ಬೋರ್ಡಿನ ಮಾಡೆಲ್ ನಂಬರ್ ಇಲ್ಲಿ ಹಾಕಿ, ಬಯಾಸ್ ಅಪ್‌ಡೇಟ್ ಇದೆಯಾ ಹುಡುಕೋಣ.