ಯೇಸು ಅಂದ್ರೆ ಭಯ ಇಲ್ಲ, ತಂದೆ ಅಂದ್ರೆ ಭಯ: ಒಂದು ಆಪ್ತಸಲಹೆ ಪ್ರಕರಣ

ಈ ಥರದವರು ನನ್ನ ಹತ್ರ ಮತ್ತೆ ಮತ್ತೆ ಬರ್ತಾನೇ ಇದಾರೆ, ಅದಕ್ಕೇ ಬರೀತಿದೀನಿ. ಹೊರಗಿಂದ ನೋಡಿದ್ರೆ ಇವರಲ್ಲಿ ಯಾವ ಕೊರತೆನೂ ಕಾಣಲ್ಲ. ದೀಕ್ಷಾಸ್ನಾನ ಆಗಿರುತ್ತೆ, ಭಾನುವಾರ ಆರಾಧನೆ ತಪ್ಪಿಸಲ್ಲ, ಬೈಬಲ್ ಓದ್ತಾರೆ, ಸಭೆ ಕೆಲಸ ಅಂದ್ರೆ ಎಲ್ಲರಿಗಿಂತ ಮುಂದೆ ಇರ್ತಾರೆ, ಯೇಸುವೇ ದೇವರ ಹತ್ರ ಹೋಗೋ ದಾರಿ ಅಂತ ಬೇರೆಯವರಿಗೆ ಬಿಡಿಸಿ ಬಿಡಿಸಿ ಹೇಳ್ತಾರೆ. ಒಳಗೆ ಮಾತ್ರ, ತಂದೆಯಾದ ದೇವರು ನನ್ನ ಮೇಲೆ ಸಿಟ್ಟಾಗಿದಾನೆ ಅನ್ನೋ ಭಯದಲ್ಲೇ ಮಲಗ್ತಾರೆ, ಅದೇ ಭಯದಲ್ಲೇ ಏಳ್ತಾರೆ. ಇಲ್ಲಿ ಹೇಳ್ತಿರೋದು ಅಂಥ ಒಬ್ಬರ ವಿಷ್ಯ. ಅವರ ಒಪ್ಪಿಗೆ ತಗೊಂಡಿದೀನಿ, ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದೀನಿ.

ನಲವತ್ತರ ಆಸುಪಾಸಿನವರು. ಮದುವೆಯಾಗಿದೆ, ಕೆಲಸ ಇದೆ, ಸಂಡೇ ಸ್ಕೂಲಲ್ಲಿ ಮಕ್ಕಳಿಗೆ ಪಾಠ ಮಾಡ್ತಾರೆ. ರಾತ್ರಿ ನಿದ್ದೆನೇ ಮಾಡ್ತಿಲ್ಲ ಅಂತ ಹೆಂಡತಿನೇ ಒತ್ತಾಯ ಮಾಡಿ ಕಳಿಸಿದ್ದು. ಅವರ ಹತ್ರ ಒಂದು ನೋಟ್‌ಬುಕ್ ಇತ್ತು. ಪ್ರತಿ ಪುಟದ ಮೇಲೆ ತಾರೀಕು, ಕೆಳಗೆ ನಂಬರ್ ಹಾಕಿ ಆ ದಿನ ಮಾಡಿದ ಪಾಪಗಳು, ಮಾತಲ್ಲಿ ಆಗಿದ್ದು, ಯೋಚನೆಲಿ ಬಂದಿದ್ದು, ಮಾಡಬೇಕಾಗಿದ್ದು ಮಾಡದೇ ಬಿಟ್ಟಿದ್ದು. ರಾತ್ರಿ ಒಂದೊಂದನ್ನೇ ಓದಿ, ಅರಿಕೆ ಮಾಡಿ, ಪಕ್ಕದಲ್ಲಿ ಟಿಕ್ ಹಾಕೋದು. ಮಧ್ಯದಲ್ಲಿ ತೂಕಡಿಕೆ ಬಂದ್ರೆ ಅಥವಾ ಮನಸ್ಸು ಬೇರೆ ಕಡೆ ಹೋದ್ರೆ ಮತ್ತೆ ಮೊದಲನೇ ನಂಬರಿಂದ ಶುರು. ನಾನು ಆ ನೋಟ್‌ಬುಕ್ ನೋಡಿದಾಗ ತುಂಬಾ ಟಿಕ್‌ಗಳ ಪಕ್ಕದಲ್ಲಿ ಚಿಕ್ಕದಾಗಿ ಒಂದು ಪ್ರಶ್ನೆ ಚಿಹ್ನೆ ಇತ್ತು. ಇದೇನು ಅಂತ ಕೇಳಿದೆ. ಅರಿಕೆ ಮಾಡಿದ್ದು ಪೂರ್ತಿ ಮನಸ್ಸಿಂದ ಆಯ್ತೋ ಇಲ್ವೋ ಗ್ಯಾರಂಟಿ ಇಲ್ಲದೇ ಇರೋದಕ್ಕೆ ಅದು ಅಂದ್ರು.

ಅವರಪ್ಪ ಬಹಳ ಸ್ಟ್ರಿಕ್ಟ್ ಇದ್ರಂತೆ. ಅದನ್ನ ಕೇಳ್ದೆ, ನೋಟ್ ಮಾಡ್ಕೊಂಡೆ, ಆದ್ರೆ ಅಲ್ಲೇ ನಿಲ್ಲಲಿಲ್ಲ. ಎಲ್ಲಾನೂ ಅಪ್ಪನ ತಲೆಗೆ ಕಟ್ಟಿ ಕೈತೊಳ್ಕೊಳ್ಳೋ ಆಪ್ತಸಲಹೆ ನಂಗೆ ಇಷ್ಟ ಆಗಲ್ಲ. ಸ್ಟ್ರಿಕ್ಟ್ ಅಪ್ಪಂದಿರ ಎಷ್ಟೋ ಮಕ್ಕಳು ದೇವರ ಹತ್ರ ನಿರಾಳವಾಗಿದಾರೆ, ಮುದ್ದು ಮಾಡಿ ಬೆಳೆಸಿದ ಅಪ್ಪಂದಿರ ಮಕ್ಕಳು ಇದೇ ಭಯ ಹೊತ್ಕೊಂಡು ನನ್ನ ಮುಂದೆ ಕೂತಿದಾರೆ.

ಶುರುವಿನಲ್ಲಿ ನಮ್ಮ ಮಾತು ಮುಂದಕ್ಕೇ ಹೋಗ್ತಿರಲಿಲ್ಲ. ಅವರಿಗೆ ನನಗಿಂತ ಚೆನ್ನಾಗಿ ವಚನ ಗೊತ್ತು. ಪಾಪ ಅರಿಕೆ ಮಾಡಿದ್ರೆ ಆತನು ನಂಬಿಗಸ್ತನೂ ನೀತಿವಂತನೂ ಆಗಿ ಕ್ಷಮಿಸ್ತಾನೆ ಅಂತ 1 ಯೋಹಾನ 1:9ರಲ್ಲಿ ಇದ್ಯಲ್ಲ ಅಂದ್ರೆ, ಹೌದು ಸಿಸ್ಟರ್, ಆದ್ರೆ ಸರಿಯಾಗಿ ಅರಿಕೆ ಮಾಡಿದ್ರೆ ತಾನೆ ಅಂತಾರೆ. "ಸರಿಯಾಗಿ" ಅನ್ನೋದು ಆ ವಚನದಲ್ಲಿ ಇಲ್ವೇ ಇಲ್ಲ, ಅವರೇ ಸೇರಿಸಿದ್ದು. ತೋರಿಸಿದ್ರೆ ಒಪ್ಕೋತಾರೆ, ರಾತ್ರಿ ಮತ್ತೆ ಅದೇ ನೋಟ್‌ಬುಕ್. ವಚನ ಗೊತ್ತಿಲ್ಲದೇ ಇದ್ದೋರಿಗೆ ವಚನ ಹೇಳಬಹುದು, ವಚನಾನೇ ಭಯದ ಕೈಗೆ ಕೊಟ್ಟಿರೋರಿಗೆ ಇನ್ನೊಂದು ವಚನ ಕೊಟ್ರೆ ಅದೂ ಅದೇ ಕೈಗೆ ಹೋಗುತ್ತೆ.

ತಿರುವು ಬಂದಿದ್ದು ಒಂದು ಸೆಷನ್‌ನಲ್ಲಿ. ಯೋಹಾನನ ಸುವಾರ್ತೆಯ 14ನೇ ಅಧ್ಯಾಯನ ಮೊದಲಿಂದ ಜೋರಾಗಿ ಓದಿ ಅಂದೆ. ಓದಿದ್ರು. ನೀನು ಎಲ್ಲಿಗೆ ಹೋಗ್ತೀಯೋ ನಮಗೆ ಗೊತ್ತಿಲ್ಲ, ದಾರಿ ಹೇಗೆ ಗೊತ್ತಾಗಬೇಕು ಅಂತ ಶಿಷ್ಯ ತೋಮ ಕೇಳೋದು, ಅದಕ್ಕೆ ಯೇಸು ನಾನೇ ಮಾರ್ಗ, ಸತ್ಯ, ಜೀವ, ನನ್ನ ಮೂಲಕ ಹೊರತು ಯಾರೂ ತಂದೆ ಹತ್ರ ಬರಲ್ಲ ಅನ್ನೋದು, ಅಲ್ಲಿಗೆ ನಿಲ್ಲಿಸಿದ್ರು. ಮುಂದೆ ಓದಿ ಅಂದೆ. ಓದಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು:

"ಯೇಸು ಹತ್ರ ಹೋಗೋಕೆ ನಂಗೆ ಯಾವತ್ತೂ ಭಯ ಆಗಿಲ್ಲ ಸಿಸ್ಟರ್. ಆತ ನನ್ನ ಕೈ ಹಿಡ್ಕೊಂಡು ಕರ್ಕೊಂಡ್ ಹೋಗ್ತಾನೆ, ಅದ್ರಲ್ಲಿ ಡೌಟೇ ಇಲ್ಲ. ಬಾಗಿಲ ತನಕ ಬಿಟ್ಟು, ನನ್ನೊಬ್ಬನ್ನೇ ತಂದೆ ಮುಂದೆ ನಿಲ್ಲಿಸಿ ವಾಪಸ್ ಹೋಗ್ಬಿಟ್ರೆ? ಅದೇ ನನ್ನ ಭಯ."

ಇಷ್ಟು ವರ್ಷ ಈ ಕೆಲಸ ಮಾಡಿದೀನಿ, ಈ ರೋಗವನ್ನ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಯೇಸು ಅಂದ್ರೆ ದೊಡ್ಡ ಸಾಹೇಬರ ಹತ್ರ ನಮ್ಮ ಪರವಾಗಿ ಶಿಫಾರಸು ಮಾಡೋ ಒಬ್ಬ ಒಳ್ಳೇ ಪರಿಚಯಸ್ಥ. ಸಾಹೇಬರ ಸಿಟ್ಟು ಹಾಗೇ ಇದೆ, ಪರಿಚಯಸ್ಥ ಎದುರಿಗಿದ್ದಾಗ ತಡ್ಕೊಂಡಿದಾರೆ ಅಷ್ಟೇ. ಹಂಗಿದ್ದಾಗ ನೋಟ್‌ಬುಕ್ ಬರೆಯದೇ ಇನ್ನೇನು ಮಾಡ್ತಾರೆ ಮನುಷ್ಯ!

ನಾನು ಉತ್ತರ ಕೊಡಲಿಲ್ಲ, ಈಗ ಏಳನೇ ವಚನದಿಂದ ಓದಿ ಅಂದೆ. ಅಲ್ಲಿ ಇನ್ನೊಬ್ಬ ಶಿಷ್ಯ ಫಿಲಿಪ್ಪ ಇವರ ಭಯವನ್ನೇ ಬೇರೆ ಥರ ಕೇಳ್ತಾನೆ: ಸ್ವಾಮೀ, ನಮಗೆ ತಂದೇನ ತೋರ್ಸು, ಅಷ್ಟು ಸಾಕು. ಯೇಸು ಏನಂತಾನೆ? ಇಷ್ಟು ದಿನ ನಿಮ್ಮ ಜೊತೆ ಇದ್ರೂ ನನ್ನ ತಿಳ್ಕೊಂಡಿಲ್ವಾ ಫಿಲಿಪ್ಪಾ, ನನ್ನ ನೋಡಿದೋನು ತಂದೇನ ನೋಡಿದಾನೆ ಅಂತಾನೆ. ಬಾ ತೋರಿಸ್ತೀನಿ ಅಂತ ಇನ್ನೊಂದು ಕಡೆ ಕರ್ಕೊಂಡು ಹೋಗಲ್ಲ. ಬಾಗಿಲಿನ ಆ ಕಡೆ ಬೇರೆ ಮುಖದ ದೇವರು ಯಾರೂ ಕೂತಿಲ್ಲ. ಕುಷ್ಠರೋಗಿನ ಮುಟ್ಟಿದ ಕೈ, ನೀನು ಮೂರು ಸಲ ನನ್ನ ಗೊತ್ತಿಲ್ಲ ಅಂತೀಯ ಅಂತ ಪೇತ್ರನಿಗೆ ಹೇಳಿ ಆದ ಮೇಲೂ ಅವನನ್ನ ಬಿಡದೇ ಇದ್ದ ಮನಸ್ಸು, ಅದೇ ತಂದೇದು.

ಅವರು ಬಿಡಲಿಲ್ಲ. ಬಿಡಬಾರದು ಕೂಡ, ಪ್ರಶ್ನೆ ಸರಿಯಾಗೇ ಇತ್ತು. "ಹಾಗಾದ್ರೆ ಯೇಸು ಮಧ್ಯಸ್ಥ ಅಂತ ಯಾಕಿದೆ? ನಮಗೋಸ್ಕರ ಬೇಡ್ಕೋತಾನೇ ಇದಾನೆ ಅಂತ ಇಬ್ರಿಯರಿಗೆ ಬರೆದ ಪತ್ರದಲ್ಲಿ ಇದೆ. ತಂದೆಗೆ ಸಿಟ್ಟಿಲ್ಲ ಅಂದ್ರೆ ಬೇಡೋದು ಯಾಕೆ?"

ಅದಕ್ಕೆ ಯೋಹಾನನ 16ನೇ ಅಧ್ಯಾಯ ತೆಗೆಸಿದೆ, 26 ಮತ್ತು 27. ಶಿಲುಬೆಗೇರೋ ಹಿಂದಿನ ಅದೇ ರಾತ್ರಿ, ಅದೇ ಶಿಷ್ಯರಿಗೆ ಯೇಸು ಹೇಳಿದ್ದು: ನಾನು ನಿಮಗೋಸ್ಕರ ತಂದೇನ ಕೇಳ್ಕೋತೀನಿ ಅಂತ ನಾನು ಹೇಳ್ತಿಲ್ಲ, ತಂದೆ ತಾನೇ ನಿಮ್ಮನ್ನ ಪ್ರೀತಿಸ್ತಾನೆ. ಇವರು ಸಂಡೇ ಸ್ಕೂಲಲ್ಲಿ ಎಷ್ಟೋ ಸಲ ಯೋಹಾನ ಮುಗಿಸಿದಾರೆ, ಈ ಎರಡು ವಚನದ ಮೇಲೆ ಒಂದು ಸಲವೂ ನಿಂತಿರಲಿಲ್ಲ. ಮಧ್ಯಸ್ಥನನ್ನ ಕಳಿಸಿದ್ದೇ ತಂದೆ. ದೇವರು ಲೋಕವನ್ನ ಎಷ್ಟೋ ಪ್ರೀತಿಸಿ ಮಗನನ್ನ ಕೊಟ್ಟ ಅಂತ ಇರೋದು, ಮಗ ಸತ್ತ ಮೇಲೆ ದೇವರಿಗೆ ಪ್ರೀತಿ ಶುರುವಾಯ್ತು ಅಂತಲ್ಲ. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತ ಸತ್ತಿದ್ರಿಂದ ದೇವರು ತನ್ನ ಪ್ರೀತಿ ತೋರಿಸ್ದ ಅಂತ ರೋಮಾ 5:8ರಲ್ಲಿದೆ, ಅಲ್ಲೂ "ತನ್ನ ಪ್ರೀತಿ" ಅಂದ್ರೆ ತಂದೆಯದ್ದೇ. ಮಗ ಬೇಡ್ಕೊಳ್ಳೋದು ಆ ಪ್ರೀತಿ ಒಳಗಿಂದಲೇ, ಅದನ್ನ ಬಲವಂತವಾಗಿ ಹುಟ್ಟಿಸೋಕಲ್ಲ.

ದೇವರ ಕೋಪ ಸುಳ್ಳು ಅಂತ ನಾನು ಹೇಳಿಲ್ಲ, ಇದನ್ನ ಸ್ಪಷ್ಟವಾಗಿ ಬರೀತೀನಿ, ಯಾಕಂದ್ರೆ ನನ್ನ ಮೇಲೆ ಆ ದೂರು ಬಂದಿದೆ. ಅದೇ ದಿನ ಅವರಿಗೆ ಮಾರ್ಕ 3:5 ತೋರಿಸಿದೆ. ಕೈ ಬತ್ತಿದವನನ್ನ ಸಬ್ಬತ್ ದಿನ, ಅಂದ್ರೆ ಯೆಹೂದ್ಯರ ವಿಶ್ರಾಂತಿ ದಿನ, ವಾಸಿ ಮಾಡಿದ್ರೆ ತಪ್ಪು ಹೊರಿಸೋಣ ಅಂತ ಕಾಯ್ತಾ ಕೂತಿದ್ದವರನ್ನ ಯೇಸು ಸಿಟ್ಟಿಂದ ಸುತ್ತಲೂ ನೋಡ್ತಾನೆ, ಅವರ ಮನಸ್ಸು ಕಲ್ಲಾಗಿದ್ದಕ್ಕೆ ದುಃಖಪಡ್ತಾನೆ, ಎರಡೂ ಒಂದೇ ವಚನದಲ್ಲಿದೆ. ತಂದೆಯ ಕೋಪ ಹೆಂಗಿರುತ್ತೆ ಅಂತ ತಿಳೀಬೇಕಾದ್ರೂ ಯೇಸುನೇ ನೋಡಬೇಕು. ಪೂರ್ತಿ ಮನಸ್ಸಿಂದ ಅರಿಕೆ ಮಾಡಲಿಲ್ಲ ಅಂತ ರಾತ್ರಿ ನಿದ್ದೆಗೆಟ್ಟವನ ಮೇಲೆ ಯೇಸು ಸಿಟ್ಟಾದ ಒಂದೇ ಒಂದು ಸನ್ನಿವೇಶ ತೋರಿಸಿ ಅಂದೆ. ಅವರಿಗೆ ಸಿಗಲಿಲ್ಲ.

ಅದಾದ ಮೇಲೆ ನಾನು ಕೊಟ್ಟ ಸಲಹೆ ಹೇಳ್ತೀನಿ. ನೋಟ್‌ಬುಕ್ ನಿಲ್ಲಿಸಬೇಕು, ಕಮ್ಮಿ ಮಾಡೋದಲ್ಲ, ನಿಲ್ಲಿಸೋದು. ರಾತ್ರಿ ಅರಿಕೆ ಒಂದು ಸಲ, ನೆನಪಿಗೆ ಬಂದಿದ್ದಷ್ಟಕ್ಕೆ, ನಂಬರ್ ಇಲ್ದೆ. ಮನಸ್ಸು ಆ ಕಡೆ ಈ ಕಡೆ ಹೋದ್ರೂ ಮತ್ತೆ ಮೊದಲಿಂದ ಶುರು ಮಾಡೋ ಹಾಗಿಲ್ಲ. ಉಪವಾಸ ಸದ್ಯಕ್ಕೆ ಬೇಡ. ಕೂಟಗಳಲ್ಲಿ ಮತ್ತೆ ಒಪ್ಪಿಸಿಕೊಳ್ಳೋಕೆ ಮುಂದೆ ಬನ್ನಿ ಅಂತ ಕರೆದಾಗ ಕೂತಲ್ಲೇ ಕೂತಿರಬೇಕು. ದಿನಕ್ಕೆ ಮಾರ್ಕನ ಸುವಾರ್ತೆಯ ಒಂದೇ ಒಂದು ಸನ್ನಿವೇಶ ಓದಿ, ಕೊನೆಗೆ "ತಂದೆ ಇಂಥವನು" ಅಂತ ಒಂದು ಸಲ ಬಾಯಿಬಿಟ್ಟು ಹೇಳಬೇಕು. ಮೊದಮೊದಲು ಆ ಮಾತು ಬಾಯಿಗೆ ಬರ್ತಿರಲಿಲ್ಲ, ಯೇಸು ಇಂಥವನು ಅಂತಲೇ ಬರ್ತಿತ್ತು ಅಂದ್ರು.

ಇದಕ್ಕೆ ಸಭೆ ಕಡೆಯ ಒಬ್ಬ ಹಿರಿಯರು ಬೇಜಾರಾದ್ರು, ಪಾಪ ಅರಿಕೆ ಕಮ್ಮಿ ಮಾಡು ಅನ್ನೋ ಆಪ್ತಸಲಹೆಗಾರ್ತಿ ಎಲ್ಲಾದ್ರೂ ಉಂಟಾ ಅಂತ. ಉಂಟು, ಸಭೆಯ ಚರಿತ್ರೆಯಲ್ಲೇ ಉಂಟು. ಮುಂದೆ ಕ್ಯಾಥೊಲಿಕ್ ಸಭೆಯಲ್ಲಿ ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮೊಂಟ್ಸೆರಾತ್ ಮಠದಲ್ಲಿ ತನ್ನ ಇಡೀ ಜೀವನದ ಪಾಪಗಳನ್ನ ಬರೆದು, ಮೂರು ದಿನ ಅರಿಕೆ ಮಾಡಿದ್ರು. ಆಮೇಲೆ ಹತ್ತಿರದ ಮನ್ರೇಸಾ ಊರಲ್ಲಿದ್ದಾಗಲೂ ಏನೋ ಬಿಟ್ಟುಹೋಯ್ತು ಅನ್ನೋ ಹಿಂಸೆ ಹೋಗಲಿಲ್ಲ, ಪ್ರಾಣ ಕಳ್ಕೊಳ್ಳೋ ಯೋಚನೆ ತನಕ ಹೋಯ್ತು. ಶಾಂತಿ ಸಿಗೋ ತನಕ ಊಟ ಮಾಡಲ್ಲ ಅಂತ ಒಂದು ವಾರ ಉಪವಾಸ ಮಾಡಿದ್ರು, ಅದನ್ನ ನಿಲ್ಲಿಸು ಅಂತ ಆಜ್ಞೆ ಮಾಡಿದ್ದು ಅವರ ಪಾಪನಿವೇದನೆ ಕೇಳ್ತಿದ್ದ ಗುರುಗಳೇ. ಕೊನೆಗೆ ಹಳೇ ಪಾಪಗಳನ್ನ ಮತ್ತೆ ಅರಿಕೆ ಮಾಡೋದನ್ನೇ ಬಿಟ್ಟಾಗ ಅವರಿಗೆ ಬಿಡುಗಡೆ ಆಯ್ತು. ಈ ಕಡೆ ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್‌ದೂ ಅದೇ ಕಥೆ. 1505ರಲ್ಲಿ ಜರ್ಮನಿಯ ಎರ್ಫರ್ಟ್‌ನಲ್ಲಿ ಮಠ ಸೇರಿ, ಗಂಟೆಗಟ್ಟಲೆ ಅರಿಕೆ ಮಾಡ್ತಿದ್ದವರಿಗೆ ಅವರ ಮೇಲಧಿಕಾರಿ ಸ್ಟೌಪಿಟ್ಸ್ ನಿನ್ನನ್ನ ನೋಡ್ಕೋಬೇಡ, ಕ್ರಿಸ್ತನ ಗಾಯಗಳನ್ನ ನೋಡು ಅನ್ನೋ ದಾರಿ ತೋರಿಸಿದ್ರು. ಮುಂದೆ ಆಚೆ ಒಬ್ಬರು ಈಚೆ ಒಬ್ಬರು ನಿಂತ ಇವರಿಬ್ಬರಿಗೂ ಸಿಕ್ಕಿದ ಔಷಧಿ ಹತ್ತಿರಹತ್ತಿರ ಒಂದೇ. ನಾನು ಹೊಸದೇನೂ ಕಂಡುಹಿಡಿದಿಲ್ಲ.

ನೋಟ್‌ಬುಕ್ ವಾಪಸ್ ಕೊಡೋ ಮುಂಚೆ ಒಂದು ವಿಷ್ಯ ಗಮನಿಸಿದ್ದೆ. ಒಂದು ಸಾಲು ಹೆಚ್ಚು ಕಮ್ಮಿ ಪ್ರತಿ ಪುಟದಲ್ಲೂ ಇತ್ತು, "ತಮ್ಮನ ಮೇಲೆ ಕೋಪ". ತಮ್ಮನ ಹತ್ರ ಮಾತಾಡಿದೀರಾ ಬ್ರದರ್ ಅಂತ ಕೇಳಿದೆ. ಇಲ್ಲ. ವರ್ಷಗಳಿಂದ ಇಲ್ಲ. ದೇವರ ಹತ್ರ ದಿನಾ ಕ್ಷಮೆ ಕೇಳ್ತಿದ್ರು, ತಮ್ಮನಿಗೆ ಒಂದು ಫೋನ್ ಮಾಡಿರಲಿಲ್ಲ. ಭಯ ಎಷ್ಟು ಕೆಲಸ ಕೊಡುತ್ತೆ ಅಂದ್ರೆ, ಯೇಸು ಹೇಳಿದ್ದನ್ನ ಮಾಡೋಕೆ ಟೈಮೇ ಉಳಿಯಲ್ಲ. ನಿನ್ನ ಕಾಣಿಕೆನ ಯಜ್ಞವೇದಿ ಮುಂದೆ ಅಲ್ಲೇ ಬಿಟ್ಟು ಹೋಗಿ ಮೊದಲು ಸಹೋದರನ ಜೊತೆ ಒಂದಾಗು ಅಂತ ಮತ್ತಾಯ 5ರಲ್ಲಿ ಹೇಳಿದ್ದು ಆತನೇ. ದಾರಿ ಅಂದ್ರೆ ಅದ್ರಲ್ಲಿ ನಡೀಬೇಕು ತಾನೆ, ಮೊದಲ ಶತಮಾನದಲ್ಲಿ ವಿಶ್ವಾಸಿಗಳನ್ನ "ಈ ಮಾರ್ಗದವರು" ಅಂತಲೇ ಕರೀತಿದ್ರು, ಅಪೊಸ್ತಲರ ಕೃತ್ಯಗಳು 9:2ರಲ್ಲಿ ನೋಡಬಹುದು.

ಆದ್ರೆ ಆ ಫೋನ್ ಮಾಡಿ ಅಂತ ನಾನು ಮೊದಲ ದಿನವೇ ಹೇಳಿದ್ರೆ ಅದೂ ನೋಟ್‌ಬುಕ್ಕಿನಲ್ಲಿ ಇನ್ನೊಂದು ನಂಬರ್ ಆಗ್ತಿತ್ತು. ಜನರಿಂದ ಸುಂಕ ವಸೂಲಿ ಮಾಡ್ತಿದ್ದ ಜಕ್ಕಾಯನ ವಿಷ್ಯದಲ್ಲಿ ಯೇಸು ಇಟ್ಕೊಂಡ ಕ್ರಮ ನೋಡಿ, ಲೂಕ 19. ಮೊದಲು ಇವತ್ತು ನಿನ್ನ ಮನೇಲಿ ಇಳ್ಕೋಬೇಕು ಅಂತಾನೆ, ಆಮೇಲೆ ತಾನೆ ಜಕ್ಕಾಯ ಎದ್ದು ನಿಂತು ಆಸ್ತಿಲಿ ಅರ್ಧ ಬಡವರಿಗೆ, ಮೋಸದಿಂದ ತಗೊಂಡಿದ್ದಕ್ಕೆ ನಾಕರಷ್ಟು ವಾಪಸ್ ಅಂತ ಹೇಳೋದು. ನಾಕರಷ್ಟು ಕಟ್ಟಿ ರಸೀದಿ ತಂದ ಮೇಲೆ ಬರ್ತೀನಿ ಅಂತ ಯೇಸು ಹೇಳಲಿಲ್ಲ. ಹಿಂಬಾಲಿಸೋದು ದೇವರ ಹತ್ರ ಸೇರಿಸ್ಕೊಳ್ಳೋಕೆ ಕಟ್ಟೋ ಬೆಲೆ ಅಂತ ನಂಬಿದೋರು ಒಂದೋ ಅಹಂಕಾರಿ ಆಗ್ತಾರೆ ಇಲ್ಲಾ ಹೀಗೆ ನಿದ್ದೆಗೆಡ್ತಾರೆ, ಹತ್ರ ಇದೀನಿ ಅಂತ ಗೊತ್ತಿರೋನಿಗೆ ಮಾತ್ರ ಕಷ್ಟದ ಫೋನ್ ಮಾಡೋ ಧೈರ್ಯ ಬರುತ್ತೆ, ಇದು ನನ್ನ ಗಟ್ಟಿ ನಂಬಿಕೆ.

ಫೋನ್ ಮಾಡಿದ್ರು. ತಮ್ಮ ಎತ್ತಲಿಲ್ಲ. ಆಮೇಲೆ ಯಾವಾಗಲೋ ಎತ್ತಿದಾಗ ಮಾತು ಒರಟಾಗೇ ಇತ್ತಂತೆ, ಇನ್ನೂ ಒಂದಾಗಿಲ್ಲ. ಆ ರಾತ್ರಿ ಅದನ್ನ ಬರೀಲಿಲ್ಲ ಅಂತ ಹೇಳಿದ್ರು.

ಈ ಕೇಸಲ್ಲಿ ಇನ್ನೊಂದು ಭಾಗ ಇದೆ, ಪಾಸ್ಟರ್‌ಗಳು ದಯವಿಟ್ಟು ಇದನ್ನ ಓದಿ. ಮತ್ತೆ ಮೊದಲ ನಂಬರಿಂದ ಶುರು ಮಾಡೋದು, ಸರಿಯಾಯ್ತಾ ಅಂತ ಹತ್ತಾರು ಸಲ ಕೇಳೋದು, ಉತ್ತರ ಸಿಕ್ಕಿದ ಸ್ವಲ್ಪ ಹೊತ್ತಿಗೇ ಮತ್ತೆ ಅದೇ ಡೌಟು, ಇದು ಒಸಿಡಿ (ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಒಂದೇ ಕ್ರಿಯೆನ ಮತ್ತೆ ಮತ್ತೆ ಮಾಡಿಸೋ ಮಾನಸಿಕ ಕಾಯಿಲೆ) ಇದ್ದಾಗಲೂ ಹೀಗೇ ಕಾಣುತ್ತೆ, ಧಾರ್ಮಿಕ ವಿಷ್ಯದಲ್ಲೇ ಅದು ಬರಬಹುದು. ಒಸಿಡಿಗೆ ಚಿಕಿತ್ಸೆ ಇದೆ, ಮಾತ್ರೆ ಇದೆ, ಭಯವನ್ನ ಎದುರಿಸಿ ಆ ಕ್ರಿಯೆ ಮಾಡದೇ ಇರೋ ಅಭ್ಯಾಸ ಕಲಿಸೋ ಥೆರಪಿ ಇದೆ. ಇವರನ್ನ ಮನೋವೈದ್ಯರ ಹತ್ರ ಕಳಿಸಿದೆ, ಚಿಕಿತ್ಸೆ ತಗೋತಿದಾರೆ, ನಿದ್ದೆ ಎಷ್ಟೋ ವಾಸಿ. ಅಂಥವರು ನಿಮ್ಮ ಹತ್ರ ಬಂದಾಗ ನಿಮ್ಮ ವಿಶ್ವಾಸ ಕಮ್ಮಿ, ಇನ್ನೂ ಪ್ರಾರ್ಥನೆ ಮಾಡಿ ಅನ್ನಬೇಡಿ, ಅದು ಉರಿಯೋ ಜಾಗಕ್ಕೇ ಹೋಗಿ ತಾಗುತ್ತೆ. ಡಾಕ್ಟರ್ ಹತ್ರ ಕಳಿಸಿದ್ವಲ್ಲ, ನಮ್ಮ ಕೆಲಸ ಮುಗೀತು ಅಂತಲೂ ಬಿಟ್ಟುಬಿಡಬೇಡಿ. ದೇವರು ಎಂಥವನು ಅನ್ನೋ ಪ್ರಶ್ನೆಗೆ ಮಾತ್ರೆ ಉತ್ತರ ಕೊಡಲ್ಲ, ಅದನ್ನ ನೀವು ಅವರ ಜೊತೆ ಕೂತು ಸುವಾರ್ತೆ ತೆಗೆದು ತೋರಿಸಬೇಕು. ಕ್ಷಮೆ ಆಗಿದ್ಯಾ ಅಂತ ಅವರು ಕೇಳಿದಾಗ ಒಂದು ಸಲ ಹೌದು ಅನ್ನಿ. ಅದೇ ದಿನ ಎರಡನೇ ಸಲ ಕೇಳಿದ್ರೆ, ಇದಕ್ಕೆ ಆಗಲೇ ಉತ್ತರ ಕೊಟ್ಟಿದೀನಿ ಬ್ರದರ್, ಬನ್ನಿ ಮಾರ್ಕ ಓದೋಣ ಅನ್ನಿ.