ಟ್ರಂಕಿನಲ್ಲಿದ್ದ ಹತ್ತು ಸಾವಿರ

ಪ್ರಶ್ನೆ: ನಮ್ಮ ಅಜ್ಜ 2012ರಲ್ಲಿ ಜೋಳ ಮಾರಿ ಬಂದ 10,000 ರೂಪಾಯಿಯನ್ನು ನೂರರ ನೋಟುಗಳಲ್ಲಿಯೇ ಟ್ರಂಕಿನಲ್ಲಿ ಇಟ್ಟಿದ್ದರು. ಆ ಹಣದ ಬೆಲೆ ಈಗ ಎಷ್ಟಾಗಿದೆ?
– ಓದುಗರೊಬ್ಬರು, ಸಿಂದಗಿ, ವಿಜಯಪುರ ಜಿಲ್ಲೆ

ಉತ್ತರ: ನೋಟುಗಳು ಇಂದಿಗೂ ನಡೆಯುತ್ತವೆ, ಆದರೆ ಅವುಗಳ ಕೊಳ್ಳುವ ಶಕ್ತಿ ಕರಗಿದೆ. ಜನ ಕೊಳ್ಳುವ ಸಾಮಾನು-ಸೇವೆಗಳ ಬೆಲೆ ಒಟ್ಟಾರೆ ಎಷ್ಟು ಏರಿದೆ ಎಂದು ಅಳೆಯುವ ಕೇಂದ್ರ ಸರ್ಕಾರದ ಗ್ರಾಹಕ ಬೆಲೆ ಸೂಚ್ಯಂಕವು 2012ನ್ನು 100 ಎಂದು ಹಿಡಿದರೆ 2024ರ ಕೊನೆಗೆ 195ರ ಆಸುಪಾಸಿಗೆ ಏರಿತ್ತು. ಅಂದರೆ ಅಂದು 10,000 ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ ಸುಮಾರು 19,500 ರೂಪಾಯಿ ಬೇಕಾಯಿತು, ಅಜ್ಜನ ಗಂಟು ಅಂದಿನ 5,100 ರೂಪಾಯಿಯಷ್ಟಕ್ಕೆ ಇಳಿಯಿತು. ಬೆವರು ಸುರಿಸಿ ಉಳಿಸಿದ ಹಣ ಹೀಗೆ ಸದ್ದಿಲ್ಲದೆ ಸವೆಯುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಇದು ಸರಾಸರಿ ಲೆಕ್ಕ ಮಾತ್ರ, ಏಕೆಂದರೆ ಬೇಳೆ, ಬಾಡಿಗೆ, ಔಷಧಿಗಳ ಬೆಲೆ ಒಂದೇ ವೇಗದಲ್ಲಿ ಏರುವುದಿಲ್ಲ. ಹಣದುಬ್ಬರ ವರ್ಷಕ್ಕೆ ಶೇಕಡಾ 6ರಷ್ಟಿದ್ದರೆ ಸುಮಾರು 12 ವರ್ಷಗಳಲ್ಲಿ ಬೆಲೆಗಳು ಇಮ್ಮಡಿಯಾಗುತ್ತವೆ.